ಡಿಟಾಕ್ಸ್ ಮಾಡಿ ತೂಕ ಇಳಿಸಲು ಹೊರಟವರಿಗೆ: ಕೊಡಗಿನ ಅಡುಗೆಮನೆಯಲ್ಲಿ ಮೊದಲ ನಾಲ್ಕು ವಾರ

ಮೈಯೊಳಗಿನ ವಿಷ ತೊಳೆಯುತ್ತದೆ ಎನ್ನುವ ಡಿಟಾಕ್ಸ್ ನಂಬಿ ಮೂರು ದಿನ ಬರೀ ಜ್ಯೂಸ್ ಕುಡಿದು ತೂಕದ ಮೆಷಿನ್ ಹತ್ತಿದರೆ ಎರಡು ಕಿಲೋ ಕಡಿಮೆ ತೋರಿಸುತ್ತದೆ. ಮೆಷಿನ್ ಸುಳ್ಳು ಹೇಳುವುದಿಲ್ಲ. ಹೋದದ್ದು ಏನು ಎಂಬುದು ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ನಾವೇ ಲೆಕ್ಕ ಹಾಕಬೇಕು.

68 ಕಿಲೋ ತೂಕ, 156 ಸೆಂಟಿಮೀಟರ್ ಎತ್ತರ, ವಯಸ್ಸು ನಲವತ್ತರ ಆಸುಪಾಸು, ಮನೆಗೆಲಸ ಮಾಡಿಕೊಂಡಿರುವ ಒಬ್ಬ ಹೆಂಗಸು ಎಂದಿಟ್ಟುಕೊಳ್ಳಿ. ಅವರ ದೇಹಕ್ಕೆ ದಿನಕ್ಕೆ ಸುಮಾರು 1,800 ಕ್ಯಾಲರಿ ಬೇಕು. ಜ್ಯೂಸಿನಿಂದ 800 ಸಿಕ್ಕಿತು ಎಂದರೆ ದಿನಕ್ಕೆ 1,000 ಕೊರತೆ, ಮೂರು ದಿನಕ್ಕೆ 3,000. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲರಿ ಕೊರತೆ ಬೀಳಬೇಕು. ಹಾಗಾದರೆ ಕರಗಿದ ಕೊಬ್ಬು ಹೆಚ್ಚೆಂದರೆ 400 ಗ್ರಾಂ. ಉಳಿದ ಒಂದೂವರೆ ಕಿಲೋ ಎಲ್ಲಿಂದ ಬಂತು?

ಹೆಚ್ಚಿನ ಪಾಲು ನೀರು. ನಾವು ತಿಂದ ಅನ್ನ, ಪುಟ್ಟು, ಒಟ್ಟಿಯ (ಅಕ್ಕಿರೊಟ್ಟಿಯ) ಸಕ್ಕರೆ ಅಂಶವನ್ನು ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ: ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಒಂದೊಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಮೂರು ಗ್ರಾಂನಷ್ಟು ನೀರನ್ನು ಹಿಡಿದುಕೊಂಡಿರುತ್ತದೆ. ಊಟ ಕಡಿಮೆಯಾದ ಕೂಡಲೇ ದೇಹ ಮೊದಲು ಕೈಹಾಕುವುದು ಈ ದಾಸ್ತಾನಿಗೆ. ಗ್ಲೈಕೋಜನ್ ಖರ್ಚಾದಂತೆ ಅದರ ನೀರು ಮೂತ್ರದಲ್ಲಿ ಹೊರಟುಹೋಗುತ್ತದೆ. ಜ್ಯೂಸಿನಲ್ಲಿ ಉಪ್ಪೂ ಇಲ್ಲವಾದ್ದರಿಂದ ಉಪ್ಪು ಹಿಡಿದಿಟ್ಟ ನೀರೂ ಹೋಗುತ್ತದೆ. ನಾಲ್ಕನೇ ದಿನ ಎರಡು ಹೊತ್ತು ಅನ್ನ ಉಂಡರೆ ದಾಸ್ತಾನು ತುಂಬುತ್ತದೆ, ನೀರು ವಾಪಸ್ಸು ಬರುತ್ತದೆ. ತೂಕ 'ಮರಳಿ ಬಂತು' ಎಂದು ಕಂಗಾಲಾಗುವವರು ನಿಜಕ್ಕೂ ಯಾವ ತಪ್ಪನ್ನೂ ಮಾಡಿರುವುದಿಲ್ಲ. ಅವರಿಗೆ ಲೆಕ್ಕ ಹೇಳದೆ ಡಿಟಾಕ್ಸ್ ಪ್ಯಾಕೆಟ್ ಮಾರಿದ್ದು ತಪ್ಪು.

ಹಾಗಾಗಿ ತೂಕ ಇಳಿಸಲು ಶುರು ಮಾಡುವ ಮುಂಚೆ 'ಒಳಗೆಲ್ಲ ಕ್ಲೀನ್' ಮಾಡಿಕೊಳ್ಳಬೇಕೇ ಎಂದರೆ, ಬೇಡ. ಅದರಿಂದ ಕೊಬ್ಬು ಬೇಗ ಕರಗುವುದಿಲ್ಲ, ಮುಂದಿನ ವಾರಗಳ ಕೆಲಸ ಸುಲಭವಾಗುವುದೂ ಇಲ್ಲ. ಡಿಟಾಕ್ಸ್ ಆಹಾರಕ್ರಮಗಳ ಬಗ್ಗೆ ಇದ್ದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2015ರಲ್ಲಿ ಪ್ರಕಟವಾದ ವೈಜ್ಞಾನಿಕ ವಿಮರ್ಶೆಯೊಂದು, ಮಾರುಕಟ್ಟೆಯ ಡಿಟಾಕ್ಸ್ ಕ್ರಮಗಳನ್ನು ಸರಿಯಾದ ಹೋಲಿಕೆಯ ಪ್ರಯೋಗದಲ್ಲಿ ಪರೀಕ್ಷಿಸಿದ್ದೇ ಇಲ್ಲ ಎಂದು ತೋರಿಸಿತು.

ವಿಷ ಹೊರಹಾಕುವ ಕೆಲಸ ದೇಹದಲ್ಲಿ ಹಗಲು ರಾತ್ರಿ ನಡೆದೇ ಇರುತ್ತದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದದ್ದನ್ನೆಲ್ಲ ಮರಳಿ ಹೀರಿಕೊಂಡು, ಒಂದೂವರೆ ಲೀಟರ್‌ನಷ್ಟನ್ನು ಮಾತ್ರ ಹೊರಗೆ ಬಿಡುತ್ತವೆ. ಲಿವರ್ ಅಮೋನಿಯಾವನ್ನು ಯೂರಿಯಾ ಮಾಡುತ್ತದೆ, ಕುಡಿದ ಮದ್ಯವನ್ನೂ ನುಂಗಿದ ಮಾತ್ರೆಯನ್ನೂ ಒಡೆಯುತ್ತದೆ. ಮೂರು ದಿನದ ಸೌತೆಕಾಯಿ ರಸ ಈ ಕೆಲಸಕ್ಕೆ ಸೇರಿಸುವುದು ಏನೂ ಇಲ್ಲ.

ಎರಡನೇ ದಿನದ ತಲೆನೋವು

ಕ್ಲೀನ್ಸ್, ಅಂದರೆ ಇಂಥ ಡಿಟಾಕ್ಸ್, ಶುರುಮಾಡಿದವರಿಗೆ ಎರಡನೇ ದಿನ ತಲೆ ಸಿಡಿಯುತ್ತದೆ, ಮೈ ಭಾರ, ಸಿಡುಕು. "ವಿಷ ಹೊರಗೆ ಹೋಗ್ತಾ ಇದೆ, ತಡ್ಕೊಳ್ಳಿ" ಎನ್ನುತ್ತಾರೆ ಮಾರುವವರು. ಕೊಡಗಿನಲ್ಲಿ ಈ ತಲೆನೋವಿಗೆ ಬೇರೆಯೇ ಕಾರಣ ಹುಡುಕಬೇಕು, ಮತ್ತು ಅದು ಹಿತ್ತಲಲ್ಲೇ ಇದೆ. ದಿನಕ್ಕೆ ನಾಲ್ಕೈದು ಲೋಟ ಕಾಫಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ಕೆಫೀನ್ ಬಿಟ್ಟ ತಲೆನೋವು ಶುರುವಾಗುತ್ತದೆ, ಒಂದೆರಡು ದಿನಕ್ಕೆ ಜೋರಾಗುತ್ತದೆ, ಕೆಲವರಲ್ಲಿ ವಾರದವರೆಗೂ ಇರುತ್ತದೆ. ಹಸಿವು, ಉಪ್ಪಿನ ಕೊರತೆ ಅದಕ್ಕೆ ಸೇರಿಕೊಳ್ಳುತ್ತವೆ. ಹೋಗುತ್ತಿರುವ ವಿಷ ಎಂಬುದು ಇಲ್ಲಿ ಎಲ್ಲೂ ಇಲ್ಲ.

ಕಾಫಿಯನ್ನು ಬಿಡಬೇಕಾದ ಅಗತ್ಯವೂ ಇಲ್ಲ. ಕಾಫಿ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗುವ ಕಾಯಿಲೆ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ತೂಕಕ್ಕೆ ತೊಂದರೆ ಕೊಡುವುದು ಅದರೊಳಗಿನ ಸಕ್ಕರೆ. ಲೋಟಕ್ಕೆ ಎರಡು ಚಮಚ ಎಂದರೆ 10 ಗ್ರಾಂ, 40 ಕ್ಯಾಲರಿ. ಐದು ಲೋಟಕ್ಕೆ 200. ಬೆಲ್ಲದ ಕಾಫಿಯ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ, ಬೆಲ್ಲ ಎಂಬ ಕಾರಣಕ್ಕೆ ರಿಯಾಯಿತಿ ಇಲ್ಲ.

ಮದ್ದುಸೊಪ್ಪು, ಕಾಚಂಪುಳಿ, ಹಸಿರು ಕಾಫಿಬೀಜ

ಕೊಡವರ ಕಕ್ಕಡ ತಿಂಗಳ ಹದಿನೆಂಟು, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮನೆಮನೆಯಲ್ಲಿ ಮದ್ದುಸೊಪ್ಪು ಬೇಯುತ್ತದೆ. ಹದಿನೆಂಟು ಬಗೆಯ ಮದ್ದು ಆ ದಿನ ಅದರಲ್ಲಿ ಸೇರಿರುತ್ತದೆ ಎಂಬುದು ನಂಬಿಕೆ. ಕಡುನೇರಳೆ ರಸ, ಪರಿಮಳ, ಜೇನು ತುಪ್ಪ ಹಾಕಿದ ಪುಟ್ಟು: ಮಳೆಗಾಲದ ಊಟಗಳಲ್ಲಿ ಇದಕ್ಕೆ ಸಾಟಿ ಇಲ್ಲ. ಮರುದಿನ ಮೂತ್ರ ಕೆಂಪಾಗುತ್ತದೆ, ಅದನ್ನು ನೋಡಿ 'ಒಳಗಿನದೆಲ್ಲ ಹೊರಬಂತು' ಎಂದುಕೊಳ್ಳುವವರಿದ್ದಾರೆ. ಹೊರಬಂದದ್ದು ಸೊಪ್ಪಿನದೇ ಬಣ್ಣ. ಬೀಟ್‌ರೂಟ್ ತಿಂದಾಗ ಆಗುವುದೂ ಇದೇ. ಹಬ್ಬದ ದಿನ ಖಂಡಿತ ತಿನ್ನಿ. ಆದರೆ ಸೊಪ್ಪನ್ನು ಒಣಗಿಸಿ ಪುಡಿ ಮಾಡಿ ತಿಂಗಳಾನುಗಟ್ಟಲೆ ಕುಡಿದರೆ ತೂಕ ಇಳಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಈ ಸೊಪ್ಪಿನ ಪಾಯಸದ ಬಟ್ಟಲಿಗೆ 50 ಗ್ರಾಂ ಬೆಲ್ಲ ಬಿದ್ದರೆ ಬೆಲ್ಲದಿಂದಲೇ 190 ಕ್ಯಾಲರಿ, ಮೇಲೆ ತೆಂಗಿನಹಾಲು ಬೇರೆ.

ಕಾಚಂಪುಳಿಯ ಕಥೆ ಇನ್ನೂ ಸ್ವಾರಸ್ಯದ್ದು. ಅಡುಗೆಗೆ ಹಾಕುವ ಈ ಕಪ್ಪು ಹುಳಿರಸ ಬರುವುದು ಪಾಣಪುಳಿಯ ಹಣ್ಣಿನಿಂದ. ಅದೇ ಹಣ್ಣಿನ ಸಿಪ್ಪೆಯ ಸಾರವನ್ನು ಗಾರ್ಸೀನಿಯಾ ಕ್ಯಾಂಬೋಜಿಯಾ ಎಂಬ ಹೆಸರಿನಲ್ಲಿ ಕ್ಯಾಪ್ಸೂಲ್ ಮಾಡಿ, ಕೊಬ್ಬು ಕರಗಿಸುವ ಔಷಧ ಎಂದು ಜಗತ್ತಿಗೆಲ್ಲ ಮಾರಿದರು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ನಡೆಯಿತು: ಅರ್ಧ ಜನಕ್ಕೆ ಸಾರ, ಇನ್ನರ್ಧಕ್ಕೆ ಹುಸಿಮಾತ್ರೆ. ಸಾರ ತೆಗೆದುಕೊಂಡವರು ಹುಸಿಮಾತ್ರೆಯವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಗಾರ್ಸೀನಿಯಾ ಕ್ಯಾಪ್ಸೂಲ್ ನುಂಗಿದವರಲ್ಲಿ ಲಿವರ್ ಊದಿಕೊಂಡ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಪಂದಿ (ಹಂದಿ) ಕರಿಗೆ ಕೊನೆಯಲ್ಲಿ ಹಾಕುವ ಒಂದೆರಡು ಚಮಚ ಕಾಚಂಪುಳಿಗೂ ಇದಕ್ಕೂ ಸಂಬಂಧವಿಲ್ಲ, ಅದನ್ನು ನಿಶ್ಚಿಂತೆಯಿಂದ ಬಳಸಿ. ಬೆಳಗ್ಗೆ ಖಾಲಿ ಹೊಟ್ಟೆಗೆ ನೀರಿಗೆ ಬೆರೆಸಿ ಕುಡಿಯುವುದು ಮಾತ್ರ ಬೇಡ: ತೀಕ್ಷ್ಣ ಹುಳಿ ಹಲ್ಲಿನ ಮೇಲ್ಪದರ ತಿನ್ನುತ್ತದೆ, ಹೊಟ್ಟೆಯುರಿ ತರುತ್ತದೆ. ಆಪಲ್ ಸೈಡರ್ ವಿನೆಗರ್‌ಗೂ ಇದೇ ಮಾತು.

ಹಸಿರು ಕಾಫಿಬೀಜದ ಪುಡಿ ಮೂರನೆಯದು. ಅದರ ಹೆಸರು ಮೇಲೆ ಬಂದದ್ದು 2012ರಲ್ಲಿ, ಭಾರತದಲ್ಲಿ 16 ಜನರ ಮೇಲೆ ನಡೆಸಿದ ಒಂದು ಪುಟ್ಟ ಪ್ರಯೋಗದಿಂದ. ಅದರ ಅಂಕಿಅಂಶಗಳೇ ನಂಬುವಂತಿಲ್ಲ ಎಂದು ಗೊತ್ತಾಗಿ 2014ರಲ್ಲಿ ಪ್ರಬಂಧವನ್ನು ಹಿಂತೆಗೆದುಕೊಂಡರು. ಪ್ರಯೋಗಕ್ಕೆ ಹಣ ಕೊಟ್ಟಿದ್ದ ಕಂಪನಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ 35 ಲಕ್ಷ ಡಾಲರ್ ಕಟ್ಟಲು ಒಪ್ಪಿಕೊಂಡಿತು. ಕಣದಲ್ಲಿ ಬೀಜ ಹರಡಿಕೊಂಡಿರುವ ಊರಿನವರು ಅದನ್ನೇ ಪೊಟ್ಟಣದಲ್ಲಿ ದುಬಾರಿ ಬೆಲೆಗೆ ಕೊಂಡು ತರುವುದನ್ನು ನೋಡಿದರೆ ಸಂಕಟವಾಗುತ್ತದೆ.

ಯಾವುದು ಬರೀ ವ್ಯರ್ಥ, ಯಾವುದು ಅಪಾಯ

ನಿಂಬೆ, ಸೌತೆ, ಪುದೀನ ಹಾಕಿಟ್ಟ ನೀರು ನಿರಪಾಯ, ಅದು ನೀರೇ. ಜೀರಿಗೆ ಕುದಿಸಿದ ನೀರೂ ಹಾಗೆಯೇ. ಬಿಸಿನೀರಿಗೆ ಜೇನು ಹಾಕಿದರೆ ಒಂದು ದೊಡ್ಡ ಚಮಚಕ್ಕೆ 60 ಕ್ಯಾಲರಿ ಎಂದು ಲೆಕ್ಕ ಬರೆದುಕೊಳ್ಳಿ, ಕೊಡಗಿನ ಜೇನಾದರೂ ಸಕ್ಕರೆ ಸಕ್ಕರೆಯೇ. ನಿಜವಾಗಿ ಎಚ್ಚರ ಬೇಕಾದದ್ದು ಇವಕ್ಕೆ:

ಸೋನಾಮುಖಿ ಇರುವ ಚಹಾ. ಪ್ಯಾಕೆಟ್ ಮೇಲೆ ಸನಾಯ, ಸೆನ್ನಾ, ಸ್ವರ್ಣಪತ್ರಿ ಎಂದೂ ಬರೆದಿರುತ್ತಾರೆ. ಇದು ಭೇದಿಗೆ ಕೊಡುವ ಸೊಪ್ಪು. ಊಟದ ಕ್ಯಾಲರಿ ಹೀರಿಕೊಳ್ಳುವುದು ಸಣ್ಣಕರುಳಿನಲ್ಲಿ. ಸೋನಾಮುಖಿ ಕೆಲಸ ಮಾಡುವುದು ಅದರ ನಂತರದ ದೊಡ್ಡಕರುಳಿನಲ್ಲಿ. ಅಷ್ಟರೊಳಗೆ ಕ್ಯಾಲರಿ ರಕ್ತಕ್ಕೆ ಸೇರಿಯಾಗಿದೆ. ಹೊರಗೆ ಹೋಗುವುದು ನೀರು, ಸೋಡಿಯಂ, ಪೊಟ್ಯಾಸಿಯಂ. ಪೊಟ್ಯಾಸಿಯಂ ತೀರಾ ಇಳಿದರೆ ಹೃದಯದ ಬಡಿತ ತಪ್ಪುತ್ತದೆ, ನೀರುಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ತೆಗೆದುಕೊಳ್ಳುವ ಬಿಪಿಯವರಲ್ಲಿ ಇದು ಬೇಗ ಆಗುತ್ತದೆ. ಹರಳೆಣ್ಣೆ, ಉಪ್ಪುನೀರು ಕುಡಿಯುವುದು, ಎನಿಮಾ ಇವೂ ಇದೇ ಸಾಲಿನವು. ಪ್ಯಾಕೆಟ್ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಲೈಸೆನ್ಸ್ ಇದೆ ಎಂದಷ್ಟೇ ಹೇಳುತ್ತದೆ, ತೂಕ ಇಳಿಯುತ್ತದೆ ಎಂದಲ್ಲ.

ಸೋರೆಕಾಯಿ ರಸ. ಕಾಯಿ ಕಹಿಯಿದ್ದರೆ ಅದರಲ್ಲಿ ಕುಕರ್ಬಿಟಾಸಿನ್ ಎಂಬ ವಿಷ ಹೆಚ್ಚಿರುತ್ತದೆ. ವಾಂತಿ, ರಕ್ತಭೇದಿ, ಬಿಪಿ ಕುಸಿತ ಆಗಿ ಜೀವ ಹೋದದ್ದೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮಿತಿ ಕಹಿ ಸೋರೆಕಾಯಿ ರಸ ಕುಡಿಯಲೇಬಾರದು ಎಂದಿದೆ. ಪಲ್ಯ ಮಾಡುವ ಮುಂಚೆಯೂ ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿ ಎನಿಸಿದರೆ ಉಗಿದು, ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಿ.

ಪಾಲಕ್, ಬೀಟ್‌ರೂಟ್, ಬಿಂಬುಳಿ ರಸ. ಇವುಗಳಲ್ಲಿ ಆಕ್ಸಲೇಟ್ ಹೆಚ್ಚು. ಪಲ್ಯವಾಗಿ, ಸಾರಾಗಿ ತಿಂದರೆ ತೊಂದರೆಯಿಲ್ಲ. ಕಿಲೋಗಟ್ಟಲೆ ಹಿಂಡಿ ಖಾಲಿ ಹೊಟ್ಟೆಗೆ ದಿನಾ ಕುಡಿದರೆ ಅದರ ಹರಳು ಮೂತ್ರಪಿಂಡದಲ್ಲಿ ಕೂರುತ್ತದೆ. ಪಕ್ಕದ ಕೇರಳದಲ್ಲಿ ಇರುಂಬನ್ ಪುಳಿ ಎನ್ನುವ ಬಿಂಬುಳಿಯ ರಸ ಕುಡಿದು ಮೂತ್ರಪಿಂಡ ಕೆಟ್ಟ ಹತ್ತು ಜನರ ವರದಿ 2013ರಲ್ಲಿ ಬಂತು, ಹಲವರಿಗೆ ಡಯಾಲಿಸಿಸ್ ಬೇಕಾಯಿತು. ಕೊಲೆಸ್ಟ್ರಾಲ್ ಇಳಿಯುತ್ತದೆ ಎಂದು ಕೇಳಿ ಕುಡಿದವರು ಅವರು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿದರೆ ಶುಗರ್ 70ಕ್ಕಿಂತ ಕೆಳಗೆ ಇಳಿದು ನಡುಕ, ಬೆವರು, ಮಂಪರು ಬರುತ್ತದೆ. ಆಗ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಮೇಲೆ ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಯವರು ಉಪವಾಸ ಬಿದ್ದರೆ ಶುಗರ್ ಸರಿಯಿದ್ದಂತೆ ಕಂಡರೂ ರಕ್ತ ಆಮ್ಲವಾಗುವ ಅಪಾಯವಿದೆ. ಗರ್ಭಿಣಿಯರು, ಹಾಲೂಡಿಸುವವರು, ಮೂತ್ರಪಿಂಡದ ಕಾಯಿಲೆಯವರು, ಹದಿನೆಂಟು ತುಂಬದವರು ಯಾವ ಕ್ಲೀನ್ಸ್‌ಗೂ ಹೋಗಬಾರದು.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ದಿನಾ ಹೆಚ್ಚು ಕುಡಿಯುವವರು 'ಲಿವರ್ ಡಿಟಾಕ್ಸ್' ಎಂದು ಇವತ್ತಿನಿಂದ ಒಮ್ಮೆಲೇ ಬಿಟ್ಟರೆ ಮೊದಲ ಎರಡು ಮೂರು ದಿನದಲ್ಲಿ ಕೈನಡುಕ, ಗಾಬರಿ, ಇಲ್ಲದ್ದು ಕಾಣಿಸುವುದು, ಫಿಟ್ಸ್ ಬರಬಹುದು. ಬಿಡುವುದು ಒಳ್ಳೆಯದೇ, ಆದರೆ ವೈದ್ಯರ ಕಣ್ಣಳತೆಯಲ್ಲಿ, ಮಾತ್ರೆಯ ಆಸರೆಯಲ್ಲಿ ಬಿಡಬೇಕು.

ಶುರು ಮಾಡುವ ದಿನ: ಅಳತೆ

ಡಿಟಾಕ್ಸ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಎರಡು ವಸ್ತು ಕೊಳ್ಳಿ: ಅಡುಗೆಮನೆಗೆ ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಒಂದು ಟೈಲರ್ ಟೇಪ್. ಉಳಿದದ್ದು ರಕ್ತಪರೀಕ್ಷೆಗೆ.

ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮುಂಚೆ, ತೆಳುಬಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ಏಳು ದಿನದ ಸರಾಸರಿಯೇ ನಿಮ್ಮ ತೂಕ. ಒಂದೊಂದು ದಿನದ ಅಂಕಿಗೆ ಬೆಲೆ ಕೊಡಬೇಡಿ. ಒಣಮೀನು, ಉಪ್ಪಿನಕಾಯಿ ತಿಂದ ಮರುದಿನ, ಮುಟ್ಟಿನ ಮುಂಚಿನ ವಾರ, ಒಂದರಿಂದ ಒಂದೂವರೆ ಕಿಲೋ ನೀರು ಸುಮ್ಮನೆ ಏರುತ್ತದೆ.

ಸೊಂಟದ ಅಳತೆಗೆ ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿ ಎರಡನ್ನೂ ಬೆರಳಿನಿಂದ ಹುಡುಕಿ, ನಡುಮಧ್ಯದಲ್ಲಿ ಟೇಪ್ ಸುತ್ತಿ, ಉಸಿರು ಬಿಟ್ಟ ಮೇಲೆ ನೋಡಿ. ಭಾರತೀಯರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಅಪಾಯ ಶುರು. ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎಂಬ ಅಂಕಿ) ಬೇಕಿದ್ದರೆ ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿ: ಮೇಲಿನ ಉದಾಹರಣೆಯವರಿಗೆ ಸುಮಾರು 28. ನಮ್ಮವರಿಗೆ 23ಕ್ಕೆ ಹೆಚ್ಚುತೂಕ, 25ಕ್ಕೆ ಬೊಜ್ಜು ಎಂದು ಲೆಕ್ಕ.

ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್), ಟಿಎಸ್‌ಎಚ್ (ಥೈರಾಯ್ಡ್), ಕ್ರಿಯಾಟಿನಿನ್ (ಮೂತ್ರಪಿಂಡ), ಎಸ್‌ಜಿಪಿಟಿ (ಲಿವರ್), ಹಿಮೋಗ್ಲೋಬಿನ್, ಬಿಪಿ. ಇಷ್ಟು ಸಾಕು. ಸ್ಕ್ಯಾನಿಂಗ್‌ನಲ್ಲಿ 'ಫ್ಯಾಟಿ ಲಿವರ್' ಎಂದು ಬಂದು ಲಿವರ್ ಕ್ಲೀನ್ ಹುಡುಕುತ್ತಿರುವವರು ಇದನ್ನು ಗಮನಿಸಿ: ಈಗಿನ ತೂಕದಲ್ಲಿ ನೂರಕ್ಕೆ 5 ಇಳಿದರೆ ಲಿವರ್‌ನ ಕೊಬ್ಬು ಕಡಿಮೆಯಾಗುತ್ತದೆ, 7ರಿಂದ 10 ಇಳಿದರೆ ಉರಿಯೂತವೂ ತಗ್ಗುತ್ತದೆ. 68 ಕಿಲೋದವರಿಗೆ ಅದು ಮೂರೂವರೆಯಿಂದ ಏಳು ಕಿಲೋ. ಲಿವರ್ ಅನ್ನು ಚೊಕ್ಕ ಮಾಡುವ ದಾರಿ ಇದು.

ಮೊದಲ ವಾರ: ಲೋಟ ಮಾತ್ರ

ಮೊದಲ ವಾರ ಊಟವನ್ನು ಬದಲಿಸಬೇಡಿ, ಕುಡಿಯುವುದನ್ನು ಮಾತ್ರ ಸರಿಮಾಡಿ. ಎಲ್ಲವನ್ನೂ ಒಂದೇ ದಿನ ಬದಲಿಸಿದವರು ಹತ್ತನೇ ದಿನಕ್ಕೆ ಬಿಡುವುದೇ ಹೆಚ್ಚು.

ಕಾಫಿಯ ಸಕ್ಕರೆಯನ್ನು ಮೂರು ದಿನಕ್ಕೊಮ್ಮೆ ಅರ್ಧ ಚಮಚ ಇಳಿಸಿ. ಎರಡು ಚಮಚದಿಂದ ಸೊನ್ನೆಗೆ ಬರಲು ಹನ್ನೆರಡು ದಿನ ಸಾಕು, ನಾಲಿಗೆಗೆ ಗೊತ್ತೂ ಆಗುವುದಿಲ್ಲ. ಚಿಕೋರಿ ಕಡಿಮೆ ಮಾಡಿ ಡಿಕಾಕ್ಷನ್ ಸ್ವಲ್ಪ ತೆಳ್ಳಗಿಟ್ಟರೆ ಕಹಿ ಹಿತವಾಗಿರುತ್ತದೆ.

ಕಿತ್ತಳೆ ಹಣ್ಣನ್ನು ಸುಲಿದು ತಿನ್ನಿ. ಒಂದು ಲೋಟ ರಸಕ್ಕೆ ಮೂರು ನಾಲ್ಕು ಹಣ್ಣು ಬೇಕು. ನಾಲ್ಕು ಹಣ್ಣನ್ನು ಕೂತು ತಿನ್ನುವವರು ಯಾರೂ ಇಲ್ಲ, ರಸವಾದರೆ ಎರಡು ನಿಮಿಷದಲ್ಲಿ ಇಳಿಯುತ್ತದೆ, ನಾರು ಜರಡಿಯಲ್ಲಿ ಉಳಿಯುತ್ತದೆ. ಬಟರ್‌ಫ್ರೂಟ್ ಆರೋಗ್ಯಕ್ಕೆ ಒಳ್ಳೆಯದು ಎಂದು ಜ್ಯೂಸ್ ಮಾಡುವವರು ಕೂಡಿಸಿ ನೋಡಿ: 100 ಗ್ರಾಂ ತಿರುಳಿಗೆ 160, ಒಂದು ಲೋಟ ಹಾಲಿಗೆ 130, ನಾಲ್ಕು ಚಮಚ ಸಕ್ಕರೆಗೆ 80, ಒಟ್ಟು 370. ಅದರ ಬದಲು ಕಾಲು ಹಣ್ಣಿಗೆ ಉಪ್ಪು, ನಿಂಬೆ, ಜೀರಿಗೆಮೆಣಸು ಹಾಕಿ ಅಕ್ಕಿ ಒಟ್ಟಿಯ ಜೊತೆ ನೆಂಚಿಕೊಳ್ಳಿ.

ಮದ್ಯಕ್ಕೆ ಗ್ರಾಂಗೆ 7 ಕ್ಯಾಲರಿ. 60 ಮಿಲಿಲೀಟರ್ ರಮ್ ಅಥವಾ ವಿಸ್ಕಿಯಲ್ಲಿ 140, ಒಂದು ಕ್ವಾರ್ಟರ್‌ನಲ್ಲಿ 420ರ ಮೇಲೆ. ಮನೆ ವೈನ್ ಸಿಹಿಯಿದ್ದಷ್ಟೂ ಹೆಚ್ಚು. ಮದ್ಯ ರಕ್ತದಲ್ಲಿ ಇರುವಷ್ಟು ಹೊತ್ತು ದೇಹ ಅದನ್ನೇ ಮೊದಲು ಸುಡುತ್ತದೆ, ಕೊಬ್ಬಿನ ಸರದಿ ಹಿಂದೆ ಬೀಳುತ್ತದೆ. ಈ ನಾಲ್ಕು ವಾರ ಬೇಡವೇ ಬೇಡ ಎಂದರೆ ಅತ್ಯುತ್ತಮ. ಮದುವೆ ಮನೆಗೆ ಹೋಗಲೇಬೇಕಾದರೆ ಒಂದೇ ಲೋಟ, ಊಟದ ಜೊತೆ.

ನೀರು ದಿನಕ್ಕೆ ಎರಡರಿಂದ ಎರಡೂವರೆ ಲೀಟರ್. ಮಳೆಗಾಲದ ಚಳಿಯಲ್ಲಿ ಬಾಯಾರಿಕೆಯೇ ಆಗದೆ ಹಲವರು ಒಂದು ಲೀಟರ್ ಕೂಡ ಕುಡಿಯುವುದಿಲ್ಲ, ಮಲಬದ್ಧತೆ ಬರುವುದು ಅಲ್ಲಿಂದಲೇ. ಫ್ಲಾಸ್ಕ್‌ನಲ್ಲಿ ಬಿಸಿನೀರು ಇಟ್ಟುಕೊಳ್ಳಿ. ಐದಾರು ಲೀಟರ್ ಕುಡಿದು 'ಫ್ಲಶ್' ಮಾಡಲು ಹೋದರೆ ರಕ್ತದ ಸೋಡಿಯಂ ಇಳಿದು ತಲೆಸುತ್ತು, ಗೊಂದಲ ಬರಬಹುದು.

ಎರಡನೇ ವಾರದಿಂದ: ತಟ್ಟೆ

ಜ್ಯೂಸ್ ಕ್ಲೀನ್ಸ್‌ನ ದೊಡ್ಡ ನಷ್ಟ ಪ್ರೋಟೀನ್‌ನದು. ಪ್ರೋಟೀನ್ ಸಿಗದಿದ್ದರೆ ದೇಹ ಸ್ನಾಯುವನ್ನು ಒಡೆಯುತ್ತದೆ. ಸ್ನಾಯು ಕಡಿಮೆಯಾದರೆ ಸುಮ್ಮನೆ ಕೂತಾಗ ಖರ್ಚಾಗುವ ಕ್ಯಾಲರಿಯೂ ಕಡಿಮೆ. ತೂಕ ಇಳಿಸುವಾಗ ಕಿಲೋಗೆ ಒಂದು ಗ್ರಾಂನಿಂದ 1.2 ಗ್ರಾಂ ಬೇಕು, 68 ಕಿಲೋದವರಿಗೆ 70ರಿಂದ 80 ಗ್ರಾಂ. ಅದನ್ನು ಮೊದಲು ತಟ್ಟೆಯಲ್ಲಿ ಇಡಿ, ಉಳಿದ ಜಾಗದಲ್ಲಿ ತರಕಾರಿ, ಕೊನೆಗೆ ಅಕ್ಕಿ. ನಮ್ಮ ರೂಢಿ ಉಲ್ಟಾ: ಪುಟ್ಟು ಬಡಿಸಿಕೊಂಡು ಅದಕ್ಕೆ ಬೇಕಾದಷ್ಟು ಕರಿ.

ಒಂದು ದಿನದ ಊಟ ಹೀಗಿರಬಹುದು. ಬೆಳಗ್ಗೆ 40 ಗ್ರಾಂ ಹಿಟ್ಟಿನ ಎರಡು ಅಕ್ಕಿ ಒಟ್ಟಿ, ತುಪ್ಪ ಸವರದೆ, ಎರಡು ಬೇಯಿಸಿದ ಮೊಟ್ಟೆ, ಒಂದು ಬಟ್ಟಲು ಸೊಪ್ಪಿನ ಪಲ್ಯ, ಸಕ್ಕರೆಯಿಲ್ಲದ ಕಾಫಿ. ಮಧ್ಯಾಹ್ನ 150 ಗ್ರಾಂ ಅನ್ನ, ಅಂದರೆ ಬೆಂದ ಮೇಲಿನ ತೂಕ. ಒಂದು ದೊಡ್ಡ ಬಟ್ಟಲು ಅವರೆಕಾಳು ಅಥವಾ ಹುರುಳಿ ಕರಿ. ಕಣಿಲೆ (ಎಳೆ ಬಿದಿರು) ಅಥವಾ ಕುಂಬಳದ ಪಲ್ಯ ಒಂದು ಬಟ್ಟಲು. ಒಂದು ಲೋಟ ಮಜ್ಜಿಗೆ. ಸಂಜೆ ಒಂದು ಕಿತ್ತಳೆ, ಕಾಫಿ. ರಾತ್ರಿ 120 ಗ್ರಾಂ ಬೆಂದ ಕೋಳಿ ಅಥವಾ ಮೀನು, ಒಂದು ಕಡಂಬುಟ್ಟು (ಅಕ್ಕಿತರಿಯ ಉಂಡೆ), ಎರಡು ಬಟ್ಟಲು ತರಕಾರಿ. ಎಲ್ಲ ಸೇರಿ 1,500 ಕ್ಯಾಲರಿಯ ಆಸುಪಾಸು, ಪ್ರೋಟೀನ್ 70 ಗ್ರಾಂ ದಾಟುತ್ತದೆ. ಮಾಂಸ ತಿನ್ನದವರು ರಾತ್ರಿಗೆ 100 ಗ್ರಾಂ ಪನೀರ್ ಇಲ್ಲವೇ ಒಣ ತೂಕದಲ್ಲಿ 40 ಗ್ರಾಂ ಸೋಯಾ, ಮೇಲೆ ಒಂದು ಬಟ್ಟಲು ಮೊಸರು ಇಟ್ಟುಕೊಳ್ಳಿ.

ಕಡಂಬುಟ್ಟು ಎಷ್ಟು ಎಂದರೆ, ತರಿಯನ್ನು ತೂಗಿ ಬೇಯಿಸಿ ನೋಡಿ. 200 ಗ್ರಾಂ ತರಿಗೆ 700 ಕ್ಯಾಲರಿ. ಎಂಟು ಉಂಡೆ ಕಟ್ಟಿದರೆ ಒಂದಕ್ಕೆ 90 ಹತ್ತಿರ. ಐದು ಆರು ತಿನ್ನುವ ರೂಢಿ ಇದ್ದವರಿಗೆ ಎಡವುತ್ತಿದ್ದ ಜಾಗ ಇಲ್ಲೇ ಸಿಗುತ್ತದೆ. ನೂಪುಟ್ಟು ನೂಲಿನಂತೆ ಹಗುರವಾಗಿ ಕಂಡರೂ ಅದೂ ಅಕ್ಕಿಯೇ, ಅದರ ಜೊತೆಗಿನ ಬೆಲ್ಲ ತೆಂಗಿನಹಾಲು ಬೇರೆ ಲೆಕ್ಕ.

ಕಣಿಲೆ, ಅಂದರೆ ಬೈಂಬಳೆ, ಈ ಕೆಲಸಕ್ಕೆ ಹೇಳಿಮಾಡಿಸಿದ ತರಕಾರಿ: 100 ಗ್ರಾಂಗೆ 30 ಕ್ಯಾಲರಿಯೂ ಇಲ್ಲ, ನಾರು ಬೇಕಾದಷ್ಟು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶವಿರುವುದರಿಂದ ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿಟ್ಟು, ದಿನಾ ನೀರು ಬದಲಿಸಿ, ಕುದಿಸಿ ಆ ನೀರನ್ನೂ ಚೆಲ್ಲಬೇಕು. ಹಿರಿಯರು ಮಾಡುತ್ತಿದ್ದುದೇ ಇದು. ಅವಸರಕ್ಕೆ ಒಂದೇ ರಾತ್ರಿ ನೆನೆಸುವುದು ಬೇಡ.

ಪಂದಿ ಕರಿಯನ್ನು ಬಿಡಬೇಕಿಲ್ಲ. ತೊಡೆಯ ಭಾಗ ಕೇಳಿ ತನ್ನಿ, ಹೊಟ್ಟೆಯ ಭಾಗ ಬೇಡ. ಕೊಬ್ಬಿರುವ ಹೊಟ್ಟೆಯ ಮಾಂಸ 100 ಗ್ರಾಂಗೆ 500 ಕ್ಯಾಲರಿ ಮುಟ್ಟುತ್ತದೆ, ಕೊಬ್ಬು ತೆಗೆದ ತೊಡೆ ಅದರ ಅರ್ಧಕ್ಕಿಂತ ಕೆಳಗೆ. ಹಿಂದಿನ ದಿನವೇ ಬೇಯಿಸಿ, ಕಾಚಂಪುಳಿ ಹಾಕುವ ಮುಂಚೆ ಆರಿಸಿ ಫ್ರಿಜ್‌ನಲ್ಲಿಡಿ. ಬೆಳಗ್ಗೆ ಮೇಲೆ ಬಿಳಿ ಪದರ ಕಟ್ಟಿರುತ್ತದೆ. ಒಂದು ದೊಡ್ಡ ಚಮಚ ತೆಗೆದರೆ 115 ಕ್ಯಾಲರಿ ಕಡಿಮೆ. ಅರ್ಧ ಕಿಲೋ ಮಾಂಸದಿಂದ ನಾಲ್ಕೈದು ಚಮಚ ಸಿಗುವುದೂ ಉಂಟು. ಮತ್ತೆ ಬಿಸಿ ಮಾಡಿ, ಮಸಾಲೆ ಪುಡಿ, ಕಾಚಂಪುಳಿ ಸೇರಿಸಿದರೆ ರುಚಿ ಹೋಗಿರುವುದಿಲ್ಲ, ಏಕೆಂದರೆ ಘಮ ಇರುವುದು ಹುರಿದ ಮಸಾಲೆಯಲ್ಲಿ, ಹುಳಿಯಲ್ಲಿ. ತಟ್ಟೆಗೆ 120 ಗ್ರಾಂ. ಕೈಲ್‌ಮುಹೂರ್ತದ ದಿನ, ಹುತ್ತರಿಯ ದಿನ ಹಬ್ಬದಂತೆ ಉಣ್ಣಿ. ಮರುದಿನ ಮೆಷಿನ್ ಒಂದು ಕಿಲೋ ಹೆಚ್ಚು ತೋರಿಸಿದರೆ ಅದು ಉಪ್ಪು ಮತ್ತು ನೀರು; ಅದಕ್ಕೆ ಉಪವಾಸ ಬೇಡ, ಮಾಮೂಲಿ ಊಟಕ್ಕೆ ಮರಳಿದರೆ ಮೂರು ದಿನದಲ್ಲಿ ಇಳಿಯುತ್ತದೆ.

ನಡಿಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಊಟದ ನಂತರ 15 ನಿಮಿಷದಂತೆ ದಿನಕ್ಕೆ ಮೂರು ಸಲ. ಮಡಿಕೇರಿಯ ಏರು ರಸ್ತೆಯಾದರೆ ಬೇರೆ ವ್ಯಾಯಾಮವೇ ಬೇಡ ಎನಿಸಬಹುದು, ಆದರೂ ವಾರಕ್ಕೆ ಎರಡು ಸಲ ಕುರ್ಚಿಯಿಂದ ಎದ್ದು ಕೂರುವುದು 12 ಸಲ, ಗೋಡೆಗೆ ಕೈಯಿಟ್ಟು ತಳ್ಳುವುದು 12 ಸಲ, ಮೂರು ಸುತ್ತು ಮಾಡಿ. ಸ್ನಾಯು ಉಳಿಯಲು ಅದು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದ ದಿನಗಳಲ್ಲಿ, ತೋಟದಲ್ಲಿ ಜಿಗಣೆ ಇರುವಾಗ, ಜಗಲಿಯ ಉದ್ದವನ್ನೇ ಗಡಿಯಾರ ನೋಡಿಕೊಂಡು ನಡೆಯಿರಿ.

ಎಲ್ಲಿ ತಪ್ಪುತ್ತದೆ

ಮೂರನೇ ವಾರ ತೂಕ ನಿಂತ ಹಾಗಾಗುತ್ತದೆ. ಮೊದಲ ವಾರದ ನೀರಿನ ಇಳಿಕೆ ಮುಗಿದು ಕೊಬ್ಬಿನ ನಿಜವಾದ ವೇಗ ಕಾಣಿಸುವ ಹೊತ್ತು ಅದು. ಊಟ, ನಡಿಗೆ ಎರಡೂ ಸೇರಿ ದಿನಕ್ಕೆ 450ರಿಂದ 500 ಕೊರತೆಗೆ ವಾರಕ್ಕೆ 400ರಿಂದ 450 ಗ್ರಾಂ, ಅಷ್ಟೇ. ಇಲ್ಲಿಯೇ ಜನ ಮತ್ತೆ ಕ್ಲೀನ್ಸ್ ಕಡೆ ತಿರುಗುತ್ತಾರೆ. ತಿರುಗುವ ಮುಂಚೆ ನಾಲ್ಕನೇ ವಾರದ ಸರಾಸರಿಯನ್ನು ಮೊದಲ ವಾರದ ಸರಾಸರಿ ಜೊತೆ ಇಟ್ಟು ನೋಡಿ. ನಾಲ್ಕು ವಾರಕ್ಕೆ ಒಂದು ಕಿಲೋಗಿಂತ ಕಡಿಮೆ ಇಳಿದಿದ್ದರೆ ಎಣ್ಣೆಯನ್ನು ತೂಗಿ: ಒಗ್ಗರಣೆಗೆ ಕಣ್ಣಂದಾಜಿನಲ್ಲಿ ಸುರಿದ ಎಣ್ಣೆ, ತೆಂಗಿನಕಾಯಿ, ಸಂಜೆಯ ಬೇಕರಿ ಬನ್ನು, ಇವೇ ಲೆಕ್ಕ ತಪ್ಪಿಸುವವು. ಅದರ ತದ್ವಿರುದ್ಧ, ಮೊದಲೆರಡು ವಾರ ಕಳೆದ ಮೇಲೂ ವಾರಕ್ಕೆ ಒಂದೂವರೆ ಕಿಲೋ ಮೀರಿ ಇಳಿಯುತ್ತಿದ್ದರೆ ಊಟ ಹೆಚ್ಚಿಸಿ. ಆ ವೇಗದಲ್ಲಿ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಾಧ್ಯತೆ ಏರುತ್ತದೆ.

ಅನ್ನ ಕಡಿಮೆಯಾದಾಗ ಮಲಬದ್ಧತೆ ಸಹಜ. ಸೋನಾಮುಖಿಗೆ ಕೈಹಾಕಬೇಡಿ. ಒಂದೆರಡು ಚಮಚ ಇಸಬ್‌ಗೋಲ್ ಅನ್ನು ತುಂಬಿದ ಲೋಟ ನೀರಿನಲ್ಲಿ ರಾತ್ರಿ ಕುಡಿಯಿರಿ. ನೀರು ಕಡಿಮೆಯಾದರೆ ಅದೇ ಗಟ್ಟಿಯಾಗಿ ಇನ್ನಷ್ಟು ಕಟ್ಟುತ್ತದೆ. ಮಲದಲ್ಲಿ ರಕ್ತ ಕಂಡರೆ, ಇಳಿಸದೆಯೇ ತೂಕ ಇಳಿಯುತ್ತಿದ್ದರೆ, ತಡಮಾಡದೆ ತೋರಿಸಿ.

ಈಗಾಗಲೇ ಕ್ಲೀನ್ಸ್ ನಡುವೆ ಇರುವವರು ಇವತ್ತೇ ನಿಲ್ಲಿಸಬಹುದು, 'ಅರ್ಧಕ್ಕೆ ಬಿಟ್ಟರೆ ತೊಂದರೆ' ಎಂಬುದು ನಿಜವಲ್ಲ. ಮೂರು ದಿನದೊಳಗಾದರೆ ಉಪ್ಪು ಹಾಕಿದ ಗಂಜಿ, ಹೆಸರುಬೇಳೆ, ಮೊಸರಿನಿಂದ ಶುರುಮಾಡಿ ಮರುದಿನ ಮಾಮೂಲಿ ಊಟಕ್ಕೆ ಬನ್ನಿ. ಐದು ದಿನಕ್ಕಿಂತ ಹೆಚ್ಚು ಏನೂ ತಿನ್ನದೆ ಇದ್ದವರು, ಅದರಲ್ಲೂ ಮೊದಲೇ ಬಡಕಲಾಗಿದ್ದವರು ಅಥವಾ ಕುಡಿತದ ಅಭ್ಯಾಸವಿದ್ದವರು, ಹೊಟ್ಟೆತುಂಬ ಉಣ್ಣುವ ಮುಂಚೆ ವೈದ್ಯರನ್ನು ಕಾಣಬೇಕು. ಒಮ್ಮೆಲೇ ಉಂಡಾಗ ರಕ್ತದ ಲವಣಗಳು ಅಪಾಯದ ಮಟ್ಟಕ್ಕೆ ಇಳಿಯಬಹುದು. ಎದೆಬಡಿತ ತಪ್ಪುವುದು, ಎದ್ದು ನಿಂತರೆ ಕಣ್ಣು ಕತ್ತಲಾಗುವುದು, ಮೂತ್ರ ನಿಂತಂತಾಗುವುದು, ಕಣ್ಣು ಹಳದಿಯಾಗುವುದು ಕಂಡರೆ ಆಸ್ಪತ್ರೆಗೆ ಹೋಗುವಾಗ ಆ ಪ್ಯಾಕೆಟ್ಟನ್ನೂ ಜೊತೆಗೆ ಒಯ್ಯಿರಿ, ಒಳಗೆ ಏನಿದೆ ಎಂಬುದು ಅವರಿಗೆ ಬೇಕಾಗುತ್ತದೆ.

ಎಲ್ಲ ಸರಿಯಾಗಿ ನಡೆದರೆ ಮೂರು ತಿಂಗಳಿಗೆ ಎಚ್‌ಬಿಎ1ಸಿ, ಎಸ್‌ಜಿಪಿಟಿ, ಬಿಪಿ ಮತ್ತೊಮ್ಮೆ ನೋಡಿಸಿ. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಮೂರು ತಿಂಗಳೂ ಕಾಯಬೇಡಿ, ನಾಲ್ಕು ವಾರಕ್ಕೇ ಬರೆದಿಟ್ಟ ತೂಕದ ಪುಸ್ತಕದೊಂದಿಗೆ ಹೋಗಿ. ನಾಲ್ಕೈದು ಕಿಲೋ ಇಳಿದ ಮೇಲೆ ಹಳೆಯ ಡೋಸ್ ಹೆಚ್ಚಾಗಿಬಿಡುತ್ತದೆ, ಅದನ್ನು ಇಳಿಸಬೇಕಾದವರು ವೈದ್ಯರು.